ವ್ಯಾಕ್ಯೂಮ್ ಉಪಕರಣದಿಂದ ಕಾರಿಗೆ ಕೂಲಂಟ್ ತುಂಬಿಸುವುದು: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ ಅಥವಾ ಹೋಸ್ ಪೈಪು ಬದಲಿಸಿದ ಮೇಲೆ ಖಾಲಿಯಾದ ಕೂಲಿಂಗ್ ವ್ಯವಸ್ಥೆಯನ್ನು ಮತ್ತೆ ತುಂಬಿಸಲು ಬಳಸುವ ವ್ಯಾಕ್ಯೂಮ್ (ನಿರ್ವಾತ) ಉಪಕರಣದ ಬಗ್ಗೆ ಕಾರಿನ ಮಾಲೀಕರೂ ಸಣ್ಣ ಗ್ಯಾರೇಜು ನಡೆಸುವವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಇಂತಹ ಉಪಕರಣಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳು ಸಮುದ್ರಮಟ್ಟದ ಊರುಗಳಿಗೆ ಹೊಂದುವಂಥವು. ಘಟ್ಟದ ಮೇಲಿರುವ ನಾವು ಅವುಗಳನ್ನು ಹಾಗೆಯೇ ಹಿಡಿದುಕೊಂಡರೆ, ಸರಿಯಿರುವ ಕಾರಿನಲ್ಲೂ ಲೀಕ್ ಹುಡುಕುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ಆ ಒಂದು ವಿಚಾರಕ್ಕೆ ಇಲ್ಲಿ ಹೆಚ್ಚು ಜಾಗ ಹೋಗಿದೆ.

ಎಂಜಿನ್ನನ್ನು ತಂಪಾಗಿಡುವ ಕೂಲಂಟನ್ನು ರೇಡಿಯೇಟರಿನ ಬಾಯಿಂದ ಸುರಿದು ತುಂಬಿಸಿದರೆ ಸಾಲದೇ? ಉಪಕರಣ ಏಕೆ ಬೇಕು?

ಬಹಳಷ್ಟು ಕಾರುಗಳಿಗೆ ಸಾಲುತ್ತದೆ, ಕೆಲವಕ್ಕೆ ಸಾಲುವುದಿಲ್ಲ. ಎಂಜಿನ್ನಿನ ತಲೆಭಾಗ, ಹೀಟರಿನ ಒಳಗಿನ ಸಣ್ಣ ರೇಡಿಯೇಟರ್ ಅಥವಾ ಅದಕ್ಕೆ ಹೋಗುವ ಪೈಪುಗಳು ಕೂಲಂಟ್ ಸುರಿಯುವ ಬಾಯಿಗಿಂತ ಎತ್ತರದಲ್ಲಿದ್ದರೆ, ಅಲ್ಲಿ ಸಿಕ್ಕಿಕೊಂಡ ಗಾಳಿಗೆ ಹೊರಗೆ ಬರಲು ದಾರಿಯಿರುವುದಿಲ್ಲ. ಮೆಕ್ಯಾನಿಕ್‌ಗಳು ಏರ್ ಲಾಕ್ ಎನ್ನುವುದು ಇದನ್ನೇ. ಗಾಳಿಯ ಗುಳ್ಳೆ ನಿಂತ ಜಾಗದಲ್ಲಿ ಲೋಹದ ಬಿಸಿಯನ್ನು ಹೊತ್ತೊಯ್ಯಲು ಕೂಲಂಟೇ ಇರುವುದಿಲ್ಲ, ಆ ಗುಳ್ಳೆ ವಾಟರ್ ಪಂಪಿಗೆ ಬಂದರೆ ಪಂಪು ತಳ್ಳುವುದನ್ನೇ ಬಿಡುತ್ತದೆ, ತಾಪಮಾನದ ಸೆನ್ಸರಿನ ಬಳಿ ನಿಂತರೆ ಡ್ಯಾಶ್‌ಬೋರ್ಡಿನ ಮುಳ್ಳು ನಿಜ ಹೇಳುವುದಿಲ್ಲ. ಊರೊಳಗೆ ಓಡಾಡುವಾಗ ಏನೂ ತೋರದ ಕಾರು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ, ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತಿರುವಾಗ, ಇದ್ದಕ್ಕಿದ್ದಂತೆ ಬಿಸಿಯೇರುವುದಕ್ಕೆ ಇದು ಒಂದು ಕಾರಣ. ಡ್ಯಾಶ್‌ಬೋರ್ಡಿನ ಹಿಂದೆ ನೀರು ಗಳಗಳ ಹರಿದ ಸದ್ದು, ಹೀಟರ್ ಹಾಕಿದರೂ ಬರುವ ತಣ್ಣನೆ ಗಾಳಿ, ಒಮ್ಮೆ ಏರಿ ಒಮ್ಮೆ ಇಳಿಯುವ ಮುಳ್ಳು, ಇವು ಗಾಳಿ ಉಳಿದಿರುವ ಸಾಮಾನ್ಯ ಸೂಚನೆಗಳು.

ಈ ಉಪಕರಣ ಮಾಡುವ ಕೆಲಸವೇನು?

ಕಂಪ್ರೆಸರಿನ ಗಾಳಿ ಉಪಕರಣದೊಳಗಿನ ಕಿರಿದಾದ ನಳಿಕೆಯ ಮೂಲಕ ರಭಸವಾಗಿ ಹಾಯುವಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಆ ಕುಸಿತವು ರೇಡಿಯೇಟರಿನೊಳಗಿನ ಗಾಳಿಯನ್ನು ಎಳೆದು ಹೊರಹಾಕುತ್ತದೆ. ಒಳಗೆ ನಿರ್ವಾತ ಉಂಟಾದ ಮೇಲೆ ಗಾಳಿ ಎಳೆಯುವ ಕವಾಟವನ್ನು ಮುಚ್ಚಿ, ಕೂಲಂಟಿನ ಪಾತ್ರೆಯಲ್ಲಿ ಮುಳುಗಿಸಿಟ್ಟ ಇನ್ನೊಂದು ಪೈಪಿನ ಕವಾಟವನ್ನು ತೆರೆದರೆ, ಹೊರಗಿನ ವಾತಾವರಣದ ಒತ್ತಡವೇ ಕೂಲಂಟನ್ನು ಒಳಕ್ಕೆ ತಳ್ಳುತ್ತದೆ. ಎಳನೀರಿಗೆ ಕೊಳವೆ ಹಾಕಿ ಹೀರುವಾಗ ನಡೆಯುವುದೂ ಇದೇ. ಉಪಕರಣದಲ್ಲಿ ಇರುವುದು ಒತ್ತಡ ತೋರಿಸುವ ಗೇಜು, ಎರಡು ಕವಾಟ, ರೇಡಿಯೇಟರ್ ಅಥವಾ ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ (ಬಿಸಿಗೆ ಹಿಗ್ಗಿದ ಕೂಲಂಟಿಗೆ ಜಾಗ ಕೊಡುವ ಟ್ಯಾಂಕ್) ಬಾಯಿಗೆ ಬಿಗಿಯಾಗಿ ಕೂರುವ ಬೇರೆ ಬೇರೆ ಅಳತೆಯ ರಬ್ಬರ್ ಬಿರಡೆಗಳು ಮತ್ತು ಪೈಪುಗಳು, ಅಷ್ಟೇ.

ಕೈಪಿಡಿಯಲ್ಲಿ 25 ಇಂಚು ಬರಬೇಕು ಎಂದಿದೆ. ನಮ್ಮಲ್ಲಿ 22ರ ಮೇಲೆ ಮುಳ್ಳು ಏರುವುದೇ ಇಲ್ಲ. ಉಪಕರಣ ಕೆಟ್ಟಿದೆಯೇ?

ಬಹುಮಟ್ಟಿಗೆ ಇಲ್ಲ. ಗೇಜಿನಲ್ಲಿ ಕಾಣುವ ಇಂಚು ಪಾದರಸದ ಇಂಚು. ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗಿನದು ಎಷ್ಟು ಕಡಿಮೆಯಾಗಿದೆ ಎಂಬುದನ್ನು ಅದು ತೋರಿಸುತ್ತದೆ. ಆದ್ದರಿಂದ ಯಾವ ಊರಿನಲ್ಲೇ ಆಗಲಿ, ಅಲ್ಲಿನ ವಾತಾವರಣದ ಒತ್ತಡಕ್ಕಿಂತ ಹೆಚ್ಚಿನ ಅಂಕಿ ಆ ಗೇಜಿನಲ್ಲಿ ಬರಲಾರದು. ಮಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 29.9 ಇಂಚು. ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ ಅದು ಸುಮಾರು 26.7 ಇಂಚಿಗೆ ಇಳಿದಿರುತ್ತದೆ, ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಇನ್ನೂ ತುಸು ಇಳಿದು 26.3ರ ಆಸುಪಾಸಿನಲ್ಲಿರುತ್ತದೆ. ಅಂದರೆ ಚಿಕ್ಕಮಗಳೂರಿನಲ್ಲಿ ಕಾರಿನೊಳಗಿನ ಗಾಳಿಯನ್ನು ಕಣವೂ ಬಿಡದಂತೆ ತೆಗೆದರೂ ಮುಳ್ಳು 26 ದಾಟಿ ತುಸು ಮೇಲಕ್ಕೆ ಹೋಗಬಹುದೇ ಹೊರತು 28 ಎಂಬುದು ಅಲ್ಲಿ ಇಲ್ಲವೇ ಇಲ್ಲ.

ಲೆಕ್ಕವನ್ನು ಪಾಲಿನಲ್ಲಿ ಮಾಡಿಕೊಳ್ಳುವುದು ಸರಿಯಾದ ದಾರಿ. ಸಮುದ್ರಮಟ್ಟದಲ್ಲಿ 25 ಇಂಚು ಎಂದರೆ ಗಾಳಿಯ ಆರರಲ್ಲಿ ಐದು ಪಾಲನ್ನು ತೆಗೆದಂತೆ. ಅದೇ ಪಾಲನ್ನು ಹಾಸನದಲ್ಲಿ ತೆಗೆದರೆ ಗೇಜು ಸುಮಾರು 22.3 ಇಂಚನ್ನೂ ಚಿಕ್ಕಮಗಳೂರಿನಲ್ಲಿ ಸುಮಾರು 22 ಇಂಚನ್ನೂ ತೋರಿಸುತ್ತದೆ. ಹಾಗಾಗಿ ಹಾಸನದ ಬಿ.ಎಂ. ರಸ್ತೆಯ ಗ್ಯಾರೇಜಿನಲ್ಲಿ 22 ತೋರಿಸಿದ ಉಪಕರಣವೂ ಮಂಗಳೂರಿನಲ್ಲಿ 25 ತೋರಿಸಿದ ಉಪಕರಣವೂ ಒಂದೇ ಕೆಲಸ ಮಾಡಿವೆ ಎಂದೇ ತಿಳಿಯಬೇಕು. ಬಾಬಾಬುಡನ್‌ಗಿರಿಯ ಮೇಲಿನ ಎಸ್ಟೇಟುಗಳಲ್ಲಿ ಕೆಲಸ ಮಾಡುವವರು ಇನ್ನೂ ಕಡಿಮೆ ಅಂಕಿಯನ್ನು ನಿರೀಕ್ಷಿಸಬೇಕು; ಎತ್ತರ ಪ್ರತಿ ನೂರು ಮೀಟರಿಗೆ ಒತ್ತಡ ಸುಮಾರು ಮೂರನೇ ಒಂದು ಇಂಚಿನಷ್ಟು ಇಳಿಯುತ್ತದೆ ಎಂದು ನೆನಪಿಟ್ಟರೆ ಸಾಕು. ಗೇಜಿನ ಮೇಲೆ ಹಸಿರು ಬಣ್ಣದ ಪಟ್ಟಿ ಬಳಿದಿದ್ದರೆ, ಅದು ನಮ್ಮ ಊರಿಗಾಗಿ ಬಳಿದದ್ದಲ್ಲ ಎಂಬುದನ್ನು ಮರೆಯಬಾರದು.

ನಮ್ಮ ಅಭಿಪ್ರಾಯದಲ್ಲಿ ಮುಳ್ಳು ಎಷ್ಟಕ್ಕೆ ಏರಿತು ಎಂಬುದಕ್ಕಿಂತ, ಏರಿದ ಜಾಗದಲ್ಲಿ ಅಲುಗದೆ ನಿಂತಿತೇ ಎಂಬುದು ಮುಖ್ಯ. 21ಕ್ಕೆ ಏರಿ ಐದು ನಿಮಿಷ ಕದಲದ ಮುಳ್ಳು, 24ಕ್ಕೆ ಏರಿ ನೋಡನೋಡುತ್ತಲೇ 18ಕ್ಕೆ ಜಾರುವ ಮುಳ್ಳಿಗಿಂತ ಎಷ್ಟೋ ಒಳ್ಳೆಯದು.

ಆರರಲ್ಲಿ ಐದು ಪಾಲು ತೆಗೆದರೆ, ಉಳಿದ ಒಂದು ಪಾಲು ಗಾಳಿ ಎಲ್ಲಿ ಹೋಗುತ್ತದೆ?

ಅದು ಒಳಗೇ ಉಳಿಯುತ್ತದೆ. ಈ ಉಪಕರಣ ಗಾಳಿಯನ್ನು ಪೂರ್ತಿ ತೆಗೆಯುತ್ತದೆ ಎಂದು ಮಾರುವವರು ಹೇಳುವುದುಂಟು. ಲೆಕ್ಕ ಹಾಗೆ ಹೇಳುವುದಿಲ್ಲ. ನಾಲ್ಕು ಲೀಟರ್ ಕೂಲಂಟ್ ಇಳಿಸಿದ ಕಾರಿನಲ್ಲಿ ಖಾಲಿಯಾದ ಜಾಗ ನಾಲ್ಕು ಲೀಟರ್ ಎಂದಾದರೆ, ತುಂಬಿಸಿದ ಮೇಲೂ ಅರ್ಧ ಲೀಟರಿಗಿಂತ ತುಸು ಹೆಚ್ಚು ಗಾಳಿ ಎಲ್ಲಿಯಾದರೂ ಇರಲೇಬೇಕು. ಅದರಲ್ಲಿ ಬಹುಪಾಲು ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ ಮೇಲ್ಭಾಗಕ್ಕೆ, ಅಂದರೆ ಗಾಳಿ ಇರಬೇಕಾದ ಜಾಗಕ್ಕೇ ಬಂದು ಸೇರುತ್ತದೆ. ಉಳಿದದ್ದು ಸಣ್ಣ ಗುಳ್ಳೆಗಳಾಗಿ, ಎಂಜಿನ್ ಓಡಿದಾಗ ತಾನಾಗಿ ಹೊರಬರುವ ಪ್ರಮಾಣದಲ್ಲಿರುತ್ತದೆ. ಆದ್ದರಿಂದಲೇ ತುಂಬಿಸಿದ ಮೇಲೆ ಎಂಜಿನ್ ಓಡಿಸಿ ಮಟ್ಟ ನೋಡುವ ಕೆಲಸವನ್ನು ಉಪಕರಣ ಇದ್ದರೂ ಬಿಡುವಂತಿಲ್ಲ.

ಕೆಲಸದ ಕ್ರಮ ಹೇಗೆ?

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಹಳೆಯ ಕೂಲಂಟನ್ನು ಆದಷ್ಟು ಇಳಿಸಿ, ಡ್ರೈನ್ ಪ್ಲಗ್ಗನ್ನು ಹಾಕಿ, ಬಿಚ್ಚಿದ ಪ್ರತಿಯೊಂದು ಕ್ಲ್ಯಾಂಪನ್ನೂ ಬಿಗಿ ಮಾಡಿರಬೇಕು. ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿಡುವುದು ಒಳ್ಳೆಯದು, ಏಕೆಂದರೆ ಕೆಲವು ಕಾರುಗಳಲ್ಲಿ ಹೀಟರಿಗೆ ಹೋಗುವ ಕವಾಟ ಆಗ ಮಾತ್ರ ತೆರೆದುಕೊಳ್ಳುತ್ತದೆ. ಹೀಟರನ್ನು ಹಾಸನದ ಜನ ಡಿಸೆಂಬರಿನ ಬೆಳಗಿನ ಹೊತ್ತು ಬಿಟ್ಟರೆ ಮುಟ್ಟುವುದೇ ಅಪರೂಪವಾದ್ದರಿಂದ ಈ ಹೆಜ್ಜೆ ಮರೆತುಹೋಗುವುದು ಹೆಚ್ಚು.

ಬಾಯಿಗೆ ಹೊಂದುವ ರಬ್ಬರ್ ಬಿರಡೆಯನ್ನು ಆರಿಸಿ, ಅದರ ಅಂಚಿಗೆ ಸ್ವಲ್ಪ ಕೂಲಂಟ್ ಸವರಿ ಕೂರಿಸಬೇಕು. ಒಣ ರಬ್ಬರ್ ಹಳೆಯ ಟ್ಯಾಂಕಿನ ಒರಟು ಅಂಚಿನ ಮೇಲೆ ಕೂರದೆ ಸುಯ್ ಎನ್ನುತ್ತಲೇ ಇರುತ್ತದೆ. ಬಾಯಿಯ ಪಕ್ಕದಿಂದ ಹೊರಡುವ ಸಣ್ಣ ಓವರ್‌ಫ್ಲೋ ಪೈಪು ಬಿರಡೆಗಿಂತ ಒಳಗಡೆಗೆ ಬಂದಿದ್ದರೆ ಅದನ್ನು ಕ್ಲ್ಯಾಂಪಿನಿಂದ ಒತ್ತಿ ಮುಚ್ಚಬೇಕು. ಬಳಿಕ ಕಂಪ್ರೆಸರಿನ ಗಾಳಿ ಬಿಟ್ಟು, ಉಪಕರಣದ ಹೊರಬಾಯಿಯನ್ನು ಒಂದು ಡಬ್ಬಿಯೊಳಕ್ಕೆ ತಿರುಗಿಸಿಡಬೇಕು. ಒಳಗೆ ಉಳಿದಿದ್ದ ಕೂಲಂಟ್ ಹನಿಗಳು ಅಲ್ಲಿಂದ ಚಿಮ್ಮುತ್ತವೆ, ಕಣ್ಣಿಗೆ ಕನ್ನಡಕ ಇರಲಿ.

ಮುಳ್ಳು ಏರುವುದು ನಿಂತ ಮೇಲೂ ಒಂದೆರಡು ನಿಮಿಷ ಎಳೆಯಲು ಬಿಟ್ಟು, ನಂತರ ಕವಾಟ ಮುಚ್ಚಿ, ಗಾಳಿಯ ಪೈಪು ತೆಗೆದು, ಮುಳ್ಳನ್ನು ಕನಿಷ್ಠ ಐದು ನಿಮಿಷ ಗಮನಿಸಬೇಕು. ನಿಂತಿದ್ದರೆ ಕೂಲಂಟಿನ ಪೈಪನ್ನು ಪಾತ್ರೆಯ ತಳಕ್ಕೆ ಇಳಿಸಿ ತುಂಬಿಸಲು ಆರಂಭಿಸಬಹುದು. ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ: ಆ ಪೈಪಿನಲ್ಲಿಯೂ ಒಂದು ಮೀಟರಿನಷ್ಟು ಗಾಳಿ ತುಂಬಿರುತ್ತದೆ, ಕವಾಟ ತೆರೆದ ಕೂಡಲೇ ಮೊದಲು ಒಳಗೆ ಹೋಗುವುದು ಅದೇ. ಎಳೆಯುವ ಹಂತದಲ್ಲೇ ಪೈಪನ್ನು ಪಾತ್ರೆಗೆ ಇಳಿಸಿಟ್ಟು, ಕೂಲಂಟಿನ ಕವಾಟವನ್ನು ಕ್ಷಣಮಾತ್ರ ತೆರೆದು, ಪಾರದರ್ಶಕ ಪೈಪಿನಲ್ಲಿ ಬಣ್ಣದ ಕೂಲಂಟ್ ಉಪಕರಣದವರೆಗೆ ಏರಿದ್ದನ್ನು ಕಂಡು ಮತ್ತೆ ಮುಚ್ಚಿದರೆ ಆ ಗಾಳಿ ಕಳೆದಂತಾಗುತ್ತದೆ. ಪಾತ್ರೆಯಲ್ಲಿ ಕಾರಿಗೆ ಬೇಕಾದುದಕ್ಕಿಂತ ಒಂದು ಲೀಟರಾದರೂ ಹೆಚ್ಚು ಇರಬೇಕು. ಪೈಪಿನ ತುದಿ ಒಂದು ಕ್ಷಣ ಗಾಳಿಗೆ ತೆರೆದುಕೊಂಡರೂ ಅಷ್ಟು ಹೊತ್ತಿನ ಕೆಲಸ ಕೆಟ್ಟಂತೆ, ಮತ್ತೆ ಮೊದಲಿನಿಂದ ಎಳೆಯಬೇಕು.

ಮುಳ್ಳು ಸೊನ್ನೆಗೆ ಬಂದ ಮೇಲೆ ಬಿರಡೆ ತೆಗೆದು, ಗುರುತಿನವರೆಗೆ ಕೈಯಿಂದ ತುಂಬಿಸಿ, ಕ್ಯಾಪ್ ಹಾಕಿ, ರೇಡಿಯೇಟರಿನ ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಬೇಕು. ಹೀಟರಿನಿಂದ ಬಿಸಿ ಗಾಳಿ ಬರುವುದು ಒಳ್ಳೆಯ ಲಕ್ಷಣ. ಮರುದಿನ ಬೆಳಿಗ್ಗೆ, ತಣ್ಣಗಿರುವಾಗ, ಮಟ್ಟವನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು.

ಥರ್ಮೋಸ್ಟಾಟ್ ಮುಚ್ಚಿರುವಾಗ ಎಂಜಿನ್ನಿನ ಒಳಭಾಗದ ಗಾಳಿ ಹೇಗೆ ಬರುತ್ತದೆ?

ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ಕವಾಟ. ಅದು ಮುಚ್ಚಿರುವಾಗ ಗಾಳಿ, ರೇಡಿಯೇಟರನ್ನು ಬಿಟ್ಟು ಸುತ್ತುವ ಬೈಪಾಸ್ ದಾರಿ, ಹೀಟರಿನ ದಾರಿ ಮತ್ತು ಹಲವು ಥರ್ಮೋಸ್ಟಾಟ್‌ಗಳಲ್ಲಿರುವ ಸಣ್ಣ ರಂಧ್ರದ ಮೂಲಕ ಬರುತ್ತದೆ. ಸ್ವಲ್ಪ ನಿಧಾನವಾಗಬಹುದು; ಒಂದೆರಡು ನಿಮಿಷ ಹೆಚ್ಚು ಎಳೆಯಬೇಕು ಎಂದದ್ದು ಇದಕ್ಕಾಗಿಯೇ.

ಎಂಜಿನ್ ಬೆಚ್ಚಗಿರುವಾಗಲೇ ಮಾಡಿ ಮುಗಿಸಬಹುದೇ?

ಬೇಡ. ಬಿಸಿ ಎಂಜಿನ್ನಿನ ಕ್ಯಾಪ್ ಬಿಚ್ಚಿದರೆ ಕುದಿಯುವ ಕೂಲಂಟ್ ಮುಖಕ್ಕೆ ಎರಚುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಅಪಾಯ. ಇನ್ನೊಂದು ಕಾರಣವೂ ಇದೆ. ಒತ್ತಡ ಆರನೇ ಒಂದು ಪಾಲಿಗೆ ಇಳಿದಾಗ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಕೈಗೆ ಸುಮ್ಮನೆ ಬೆಚ್ಚಗೆ ತಾಗುವ ಎಂಜಿನ್ನಿನ ಒಳಮೂಲೆಯಲ್ಲಿ ಉಳಿದ ಕೂಲಂಟ್ ಆ ಬಿಸಿಗೆ ಆವಿಯಾಗುತ್ತಾ ಹೋಗಿ, ಮುಳ್ಳು ಏರುವುದಕ್ಕೆ ಬಿಡುವುದಿಲ್ಲ, ಏರಿದ್ದನ್ನೂ ಇಳಿಸುತ್ತದೆ. ಲೀಕ್ ಇಲ್ಲದ ಕಾರಿನಲ್ಲಿ ಲೀಕ್ ಇದ್ದಂತೆ ತೋರುವುದು ಹೀಗೆ.

ರೇಡಿಯೇಟರಿನ ಮೇಲಿನ ಹೋಸ್ ಚಪ್ಪಟೆಯಾಯಿತು. ಹಾಳಾಯಿತೇ?

ಇಲ್ಲ. ನಿರ್ವಾತಕ್ಕೆ ಹೋಸ್ ಒಳಕ್ಕೆ ಕುಗ್ಗುವುದು ಸಹಜ, ಕೂಲಂಟ್ ತುಂಬಿದಂತೆ ಅದು ಮೊದಲಿನ ಆಕಾರಕ್ಕೆ ಬರುತ್ತದೆ. ತುಂಬಿದ ಮೇಲೂ ಬೆರಳಿಗೆ ಮೆತ್ತಗೆ ಸಿಗುವ, ಮಡಿಕೆಯಲ್ಲಿ ಸಣ್ಣ ಬಿರುಕು ಕಾಣುವ ಹೋಸನ್ನು ಬದಲಿಸಿಯೇ ಬಿಡಬೇಕು. ಹಳದಿಯಾಗಿ ಪೆಡಸಾದ ಪ್ಲಾಸ್ಟಿಕ್ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಇದ್ದರೆ ಎಳೆಯುವ ಮೊದಲೇ ಮಾಲೀಕರಿಗೆ ತೋರಿಸಿಡುವುದು ಒಳ್ಳೆಯದು. ಬಿರಿದ ಮೇಲೆ ತೋರಿಸಿದರೆ ಜಗಳ.

ಮುಳ್ಳು ನಿಂತರೆ ಎಲ್ಲಿಯೂ ಲೀಕ್ ಇಲ್ಲ ಎಂದು ಹೇಳಬಹುದೇ?

ಹೇಳಲಾಗದು. ಎಂಜಿನ್ ಓಡುವಾಗ ಒಳಗಿನ ಒತ್ತಡ ಹೊರಕ್ಕೆ ತಳ್ಳುತ್ತದೆ, ಉಪಕರಣ ಬಳಸುವಾಗ ಹೊರಗಿನ ಗಾಳಿ ಒಳಕ್ಕೆ ತಳ್ಳುತ್ತದೆ. ಸವೆದ ಹೋಸಿನ ಸೀಳು, ವಾಟರ್ ಪಂಪಿನ ಸೀಲಿನ ತುಟಿ, ಇವು ಒಳಕ್ಕೆ ಒತ್ತಿದಾಗ ಮುಚ್ಚಿಕೊಂಡು ಹೊರಕ್ಕೆ ಒತ್ತಿದಾಗ ತೆರೆದುಕೊಳ್ಳಬಹುದು. ಕೆಲವೊಮ್ಮೆ ಇದಕ್ಕೆ ತಿರುಗುಮುರುಗಾಗಿಯೂ ಆಗುತ್ತದೆ. ಎಂಜಿನ್ ತಣ್ಣಗಿದ್ದೂ ಮುಳ್ಳು ಇಳಿದರೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ ಎಂಬುದು ಖಚಿತ, ಅದು ಬಿರಡೆಯ ಅಂಚಿನಲ್ಲೂ ಇರಬಹುದು, ಆದ್ದರಿಂದ ಮೊದಲು ಅಲ್ಲಿಯೇ ನೋಡಬೇಕು. ಮುಳ್ಳು ನಿಂತರೆ ದೊಡ್ಡ ಲೀಕ್ ಇಲ್ಲ ಎಂದಷ್ಟೇ ಅರ್ಥ. ಕೂಲಂಟ್ ಕಡಿಮೆಯಾಗುತ್ತಿದೆ ಎಂದು ಬಂದ ಕಾರಿಗೆ, ಕ್ಯಾಪ್ ಮೇಲೆ ಬರೆದಿರುವ ಒತ್ತಡದವರೆಗೆ ಗಾಳಿ ತುಂಬಿ ನೋಡುವ ಪ್ರೆಶರ್ ಟೆಸ್ಟನ್ನು ಬೇರೆಯಾಗಿಯೇ ಮಾಡಬೇಕು. ಅದಕ್ಕೂ ಮೊದಲು ಬರಿಗಣ್ಣು ಸಾಕಷ್ಟು ಹೇಳುತ್ತದೆ: ಕ್ಲ್ಯಾಂಪಿನ ಸುತ್ತ ಕಟ್ಟಿದ ಬಿಳಿಯ ಅಥವಾ ಹಸಿರು ಹೊಪ್ಪಳೆ, ಪಂಪಿನ ಕೆಳಗಿನ ಸಣ್ಣ ತೂತಿನಿಂದ ಇಳಿದು ಒಣಗಿದ ಬಣ್ಣದ ಗೆರೆ.

ಪಂಚರ್ ಅಂಗಡಿಯ ಕಂಪ್ರೆಸರ್ ಸಾಕಾಗುತ್ತದೆಯೇ? ಎಸಿ ಗ್ಯಾಸ್ ತುಂಬುವವರ ವ್ಯಾಕ್ಯೂಮ್ ಪಂಪ್ ಬಳಸಬಹುದೇ?

ಸಾಮಾನ್ಯವಾಗಿ ಇಂತಹ ಉಪಕರಣಗಳಿಗೆ 90 ಪಿಎಸ್‌ಐ ಆಸುಪಾಸಿನ ಗಾಳಿ ಎಡೆಬಿಡದೆ ಬೇಕು. ಪಂಚರ್ ಅಂಗಡಿಯ ದೊಡ್ಡ ಟ್ಯಾಂಕಿನ ಕಂಪ್ರೆಸರ್ ಇದನ್ನು ಧಾರಾಳವಾಗಿ ಕೊಡುತ್ತದೆ. ಮನೆಬಳಕೆಯ ಸಣ್ಣ ಟ್ಯಾಂಕಿನದರಲ್ಲಿ ಒತ್ತಡ ಬೇಗನೆ ಇಳಿಯುವುದರಿಂದ ಕವಾಟ ಮುಚ್ಚಿ, ಟ್ಯಾಂಕ್ ಮತ್ತೆ ತುಂಬುವವರೆಗೆ ಕಾದು, ಕಂತುಗಳಲ್ಲಿ ಎಳೆಯಬೇಕಾಗುತ್ತದೆ. ಕಾರಿನ ಟೈರಿಗೆಂದು 12 ವೋಲ್ಟಿನಲ್ಲಿ ಓಡುವ ಪುಟ್ಟ ಪಂಪು ಇದಕ್ಕೆ ಬಾರದು.

ಎಸಿ ಪಂಪನ್ನು ಬಳಸದಿರುವುದೇ ಲೇಸು. ಕೂಲಂಟಿನ ಹನಿಯೂ ಆವಿಯೂ ಅದರ ಎಣ್ಣೆಯೊಳಗೆ ಸೇರಿ ಪಂಪನ್ನು ಕೆಡಿಸುತ್ತವೆ, ಮುಂದೆ ಅದೇ ಪಂಪಿನಿಂದ ಎಸಿ ಕೆಲಸ ಮಾಡಿಸಿಕೊಂಡವರಿಗೂ ನಷ್ಟ.

ಯಾವ ಕೂಲಂಟ್ ಹಾಕಬೇಕು? ನಮ್ಮ ಬೋರ್‌ವೆಲ್ ನೀರು ಬೆರೆಸಬಹುದೇ?

ಬಣ್ಣ ನೋಡಿ ಕೊಳ್ಳಬಾರದು. ಹಸಿರು, ಕೆಂಪು, ನೀಲಿ, ಗುಲಾಬಿ ಬಣ್ಣಗಳು ತಯಾರಕರ ಇಷ್ಟ. ಎರಡು ಹಸಿರು ಕೂಲಂಟ್‌ಗಳ ಒಳಗಿನ ತುಕ್ಕುನಿರೋಧಕ ರಸಾಯನಗಳು ಬೇರೆ ಬೇರೆಯಾಗಿರಬಹುದು, ಹೊಂದದವು ಬೆರೆತರೆ ಅವುಗಳ ಗುಣ ಕುಗ್ಗಿ ಕೆಸರು ಕಟ್ಟಲೂಬಹುದು. ಕಾರಿನ ಕೈಪಿಡಿಯಲ್ಲಿ ಹೇಳಿದ ಮಾನದಂಡದ ಕೂಲಂಟನ್ನೇ ಹಾಕಬೇಕು. ಬೆರೆಸಿಯೇ ಬರುವ ಕೂಲಂಟಿಗೆ ಮತ್ತೆ ನೀರು ಸೇರಿಸಬಾರದು. ಗಟ್ಟಿ ಕೂಲಂಟಾದರೆ ಸಾಮಾನ್ಯವಾಗಿ ಸಮಪಾಲು ಡಿಸ್ಟಿಲ್ಡ್ ನೀರನ್ನು ಮೊದಲೇ ಪಾತ್ರೆಯಲ್ಲಿ ಬೆರೆಸಿಟ್ಟುಕೊಳ್ಳಬೇಕು, ಏಕೆಂದರೆ ಉಪಕರಣ ಎಳೆಯುತ್ತಿರುವಾಗ ಬೆರೆಸಲು ಪುರುಸೊತ್ತು ಸಿಗುವುದಿಲ್ಲ. ಎಂಜಿನ್ನಿನಲ್ಲಿ ಹಳೆಯ ನೀರು ಉಳಿದಿದ್ದರೆ ಆ ಲೆಕ್ಕವನ್ನೂ ಹಿಡಿಯಬೇಕು.

ಅರಸೀಕೆರೆ, ಕಡೂರು ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿರುವ ಸುಣ್ಣದ ಅಂಶ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ಹಾಗೆಯೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕಟ್ಟುತ್ತದೆ. ಮಲೆನಾಡಿನ ಹಳ್ಳದ ನೀರು ಮೃದುವಾದರೂ ಡಿಸ್ಟಿಲ್ಡ್ ನೀರಿಗೆ ಸಮವಲ್ಲ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ, ಕೂಲಂಟ್ ಏಕೆ ಎಂದು ಕೇಳುವವರಿಗೆ ಉತ್ತರವೆಂದರೆ, ಇಲ್ಲಿ ಅದು ಬೇಕಾಗಿರುವುದು ತುಕ್ಕು ತಡೆಯಲು ಮತ್ತು ಕುದಿಯುವ ಬಿಂದುವನ್ನು ಏರಿಸಲು. ಚಿಕ್ಕಮಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ದಾಟುವ ಹೊತ್ತಿಗೆ ಕುದಿಯುತ್ತದೆ. ಅದನ್ನು 120ರ ಆಚೆಗೆ ತಳ್ಳುವುದು ಕ್ಯಾಪಿನ ಒತ್ತಡ ಮತ್ತು ಕೂಲಂಟು ಸೇರಿ. ಸ್ಪ್ರಿಂಗ್ ಸಡಿಲವಾದ ಹಳೆಯ ಕ್ಯಾಪನ್ನು ಹಾಗೆಯೇ ಬಿಟ್ಟು ಕೂಲಂಟಿಗೆ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಎಸ್ಟೇಟಿನ ಹಳೆಯ ಜೀಪಿಗೂ ಇದು ಬೇಕೇ?

ಬೇಕಿಲ್ಲ ಎಂದೇ ನಮ್ಮ ಉತ್ತರ. ರೇಡಿಯೇಟರಿನ ಬಾಯಿಯೇ ಎಲ್ಲಕ್ಕಿಂತ ಎತ್ತರದಲ್ಲಿರುವ ಹಳೆಯ ವಾಹನಗಳಲ್ಲಿ ಗಾಳಿ ತಾನಾಗಿಯೇ ಮೇಲೆ ಬರುತ್ತದೆ. ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ನಿಧಾನವಾಗಿ ಸುರಿದು, ಹೋಸನ್ನು ಹಿಚುಕುತ್ತಾ, ಗಾಳಿ ಬಿಡಲೆಂದೇ ಕೊಟ್ಟಿರುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ ತುಂಬಿಸುವ ಹಳೆಯ ಪದ್ಧತಿ ಅವಕ್ಕೆ ಸಾಕು. ಹಿತ್ತಾಳೆಯ ಹಳೆಯ ರೇಡಿಯೇಟರಿನ ಬೆಸುಗೆ ಸವೆದಿದ್ದರೆ ನಿರ್ವಾತಕ್ಕೆ ಒಡ್ಡದಿರುವುದೇ ಕ್ಷೇಮ.

ವಿದ್ಯುತ್ ಕಾರು, ಹೈಬ್ರಿಡ್ ಕಾರುಗಳಿಗೆ?

ಅವುಗಳಲ್ಲಿ ಬ್ಯಾಟರಿ, ಮೋಟಾರ್, ಇನ್ವರ್ಟರ್‌ಗಳನ್ನು ತಂಪಾಗಿಡುವ ಉದ್ದನೆಯ, ಅಂಕುಡೊಂಕಾದ ಪೈಪುಗಳಿರುವುದರಿಂದ ವ್ಯಾಕ್ಯೂಮ್ ವಿಧಾನವನ್ನು ಹಲವು ತಯಾರಕರೇ ಹೇಳುತ್ತಾರೆ. ಆದರೆ ವಿದ್ಯುತ್ ಪಂಪುಗಳನ್ನು ಸ್ಕ್ಯಾನರಿನಿಂದ ಓಡಿಸಬೇಕಾಗಬಹುದು, ಕೂಲಂಟ್ ಕೂಡ ಬೇರೆಯದೇ ಇರಬಹುದು, ಹೆಚ್ಚಿನ ವೋಲ್ಟೇಜಿನ ಅಪಾಯವೂ ಇದೆ. ತರಬೇತಿ ಪಡೆದವರಿಗೆ ಬಿಡಬೇಕು.

ಸರಿಯಾಗಿ ತುಂಬಿಸಿದ ಮೇಲೂ ಘಾಟಿಯಲ್ಲಿ ಬಿಸಿಯೇರುತ್ತಿದೆ. ಏನು ಮಾಡಬೇಕು?

ಮೊದಲು ಎಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದವರು ದೋಸೆ ಮುಗಿಸಿದ ಮೇಲೂ ಇನ್ನಷ್ಟು ಹೊತ್ತು ಕಾಯಲಿ, ಆ ಕ್ಯಾಪನ್ನು ಮಾತ್ರ ಬಿಸಿಯಲ್ಲಿ ಮುಟ್ಟದಿರಲಿ. ಗಾಳಿಯೇ ಕಾರಣವಲ್ಲವೆಂದಾದರೆ ಫ್ಯಾನ್, ಥರ್ಮೋಸ್ಟಾಟ್, ಕ್ಯಾಪ್, ಕೆಸರು ಮತ್ತು ಹುಳಗಳಿಂದ ಮುಚ್ಚಿದ ರೇಡಿಯೇಟರಿನ ರೆಕ್ಕೆಗಳನ್ನು ನೋಡಬೇಕು. ಪ್ರತಿ ಸಲ ತುಂಬಿಸಿದ ಕೆಲವೇ ದಿನಗಳಲ್ಲಿ ಮತ್ತೆ ಗಾಳಿ ಸೇರುತ್ತಿದ್ದರೆ, ತಣ್ಣಗಿದ್ದ ಎಂಜಿನ್ ಶುರು ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನಂತೆ ಬಿಗಿಯಾದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವೆ ಬಿಗಿಯಾಗಿ ಕೂರುವ ತೆಳು ಪದರ) ಮೂಲಕ ದಹನದ ಅನಿಲ ಕೂಲಂಟಿಗೆ ಸೇರುತ್ತಿರುವ ಸಂಶಯ ಬಲವಾಗುತ್ತದೆ. ಅಂತಹ ಕಾರಿಗೆ ನಾಲ್ಕು ಸಲ ವ್ಯಾಕ್ಯೂಮ್ ಎಳೆದು ನಾಲ್ಕು ಸಲ ಬಿಲ್ಲು ಬರೆಯುವುದು ಸರಿಯಲ್ಲ; ಅನಿಲ ಪತ್ತೆಹಚ್ಚುವ ದ್ರಾವಣದಿಂದ ಪರೀಕ್ಷಿಸಿ ಮಾಲೀಕರಿಗೆ ನೇರವಾಗಿ ತಿಳಿಸಬೇಕು.

ಇಳಿಸಿದ ಹಳೆಯ ಕೂಲಂಟನ್ನು ಎಲ್ಲಿ ಹಾಕಬೇಕು?

ಚರಂಡಿಗೂ ಬೇಡ, ತೋಟದ ಮೂಲೆಗೂ ಬೇಡ. ಕೂಲಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿಯಲ್ಲಿ ಸಿಹಿ. ನೆಲದ ಮೇಲೆ ನಿಂತ ಒಂದು ಸಣ್ಣ ಮಡುವನ್ನು ನೆಕ್ಕಿದ ನಾಯಿಯೋ ಬೆಕ್ಕೋ ಮೂತ್ರಪಿಂಡ ಕೆಟ್ಟು ಸಾಯಬಹುದು. ಇಳಿಸುವಾಗ ಅಗಲವಾದ ತಟ್ಟೆ ಇಟ್ಟು, ಚೆಲ್ಲಿದ್ದನ್ನು ಮರದ ಹೊಟ್ಟಿನಿಂದ ಹೀರಿಸಿ, ಮೇಲೆ ಸಾಕಷ್ಟು ನೀರಿನಿಂದ ತೊಳೆಯಬೇಕು. ಹಳೆಯದನ್ನು ಎಂಜಿನ್ ಆಯಿಲ್ ಜೊತೆ ಬೆರೆಸದೆ ಮುಚ್ಚಳವಿರುವ ಬೇರೆ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸಲು ಅನುಮತಿ ಇರುವವರಿಗೆ ಕೊಡಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವಿದ್ದರೆ ಅದನ್ನು ಇಂದೇ ನಿಲ್ಲಿಸಬೇಕು, ಗ್ಯಾರೇಜಿಗೆ ಮಕ್ಕಳು ಬರುತ್ತಾರೆ.